ಬೆಂಡು ಮುಳುಗಿದಾಗ ಮಾಡಬೇಕಾದದ್ದು

ನನ್ನ ಬಳಿ ಹನ್ನೊಂದು ಅಮೆರಿಕನ್ ಕಪ್ಪೆಗಳಿವೆ. ರಬ್ಬರಿನವು. ಒಂದೊಂದರ ಹೊಟ್ಟೆಯಡಿ ಎರಡೆರಡು ಗಾಳ, ಹಿಂದೆ ಕುಚ್ಚಿನಂಥ ಕಾಲು. ಬಾಸ್ ಎಂಬ ಮೀನನ್ನು ಮರುಳು ಮಾಡಲು ಇವನ್ನು ತಯಾರಿಸುತ್ತಾರಂತೆ. ಆ ಮೀನು ತಿಪಟೂರು ಸೀಮೆಯ ಯಾವ ಕೆರೆಯಲ್ಲೂ ಇಲ್ಲವೆಂಬುದು ಕಪ್ಪೆಗಳನ್ನು ತರಿಸುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ತರಿಸಿದೆ. ಬಾಸ್ ಮರುಳಾಗುತ್ತದೋ ಇಲ್ಲವೋ ನಾನು ನೋಡಿಲ್ಲ. ಮನುಷ್ಯ ಮರುಳಾಗುವುದಕ್ಕೆ ಮಾತ್ರ ನಾನೇ ಸಾಕ್ಷಿ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬಿಚ್ಚಿ ವಾರವಿಡೀ ತಾಮ್ರದ ತಂತಿ ಸುತ್ತುವವನು ಭಾನುವಾರ ಕೆರೆಯ ದಂಡೆಯಲ್ಲಿ ಕೂತು ತಂಗೂಸಿ ದಾರ ಸುತ್ತುವುದನ್ನು ಬಿಡುವು ಎಂದು ಕರೆದುಕೊಳ್ಳುವುದು ಸೋಜಿಗವೇ. ಮಧ್ಯಾಹ್ನ ಕರೆಂಟಿಲ್ಲದಾಗ ಮೊಬೈಲಿನಲ್ಲಿ ಬಾಸ್ ಹಿಡಿಯುವವರ ವಿಡಿಯೋ ನೋಡುತ್ತೇನೆ. ಜೇಬೇ ಜೇಬಿನ ಅಂಗಿ ತೊಟ್ಟ ಆ ಜನ ನದಿಯ ಬಗ್ಗೆ ಬಹಳ ಸಲಹೆ ಕೊಡುತ್ತಾರೆ. ತಿರುವಿನಲ್ಲಿ ನಿಲ್ಲಿ, ಬಂಡೆಯ ಮರೆ ನೋಡಿ, ಹರಿವು ಮಂದವಾಗುವಲ್ಲಿ ಎಸೆಯಿರಿ ಎನ್ನುತ್ತಾರೆ. ನಾನು ಭಕ್ತಿಯಿಂದ ಕೇಳುತ್ತೇನೆ. ಆದರೆ ನಮ್ಮ ಕಡೆಯ ನದಿಗೆ ಸೇತುವೆ ಇದೆ, ಸೇತುವೆಯ ಮೇಲೆ ಹೆಸರು ಬರೆದ ಫಲಕ ಇದೆ. ನೀರು ಮಾತ್ರ ವರ್ಷದ ಬಹುಪಾಲು ಬೇರೆಲ್ಲೋ ಕೆಲಸದ ಮೇಲೆ ಹೋಗಿರುತ್ತದೆ.

ಹಾಗೆಂದು ಆ ಸಲಹೆ ಸುಳ್ಳಲ್ಲ. ಹರಿಯುವ ನೀರಿನಲ್ಲಿ ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ, ಊಟ ಮೇಲಿನಿಂದ ತೇಲಿ ಬರಲಿ ಎಂದು. ಆದ್ದರಿಂದ ಎರೆಯನ್ನು ಅದರ ತಲೆಯ ಮೇಲೆ ಎಸೆಯಬಾರದು, ಮೇಲಿನಿಂದ ತೇಲಿಬಿಡಬೇಕು. ಇದನ್ನು ನಾನು ನಾಲೆಯ ಸೇತುವೆ ಕಂಬದ ಹಿಂದೆ ಪರೀಕ್ಷಿಸಿ ನೋಡಿದ್ದೇನೆ. ಕೆರೆಯದು ಬೇರೆ ಶಾಸ್ತ್ರ. ಅಲ್ಲಿ ಆಪು ಹುಲ್ಲು ಬೆಳೆದ ಅಂಚಿನಲ್ಲಿ ಕೊರವ ಮೀನು ಅಡಗಿರುತ್ತದೆ. ಅಮೆರಿಕದ ಕಪ್ಪೆಯನ್ನು ಅದರ ಮುಂದೆ ಕುಣಿಸಿದರೆ ತಾನೇ ಬಾಸ್ ಎಂದುಕೊಂಡು ಒಮ್ಮೊಮ್ಮೆ ಎಗರುತ್ತದೆ. ನನಗೆ ಎಗರಿದ್ದು ಎರಡು ಸಲ. ಇತರರಿಗೆ ಹೇಳುವಾಗ ಏಳು.

ಹೀಗೆ ಹಿಡಿದದ್ದನ್ನು ನಾನು ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟಿಲ್ಲ. ಗಾಳ ಬಿಡಿಸಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ಮತ್ತೆ ನೀರಿಗೆ ಬಿಡುತ್ತೇನೆ. ಹಂದನಕೆರೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಹಿರಿಯರೊಬ್ಬರು ಒಮ್ಮೆ ಇದನ್ನೆಲ್ಲ ನೋಡುತ್ತ ನಿಂತರು.

"ತಿನ್ನಾಕಿಲ್ವಾ?"

"ಇಲ್ಲ."

"ಮಾರ್ತೀರಾ?"

"ಇಲ್ಲ ಯಜಮಾನ್ರೇ, ಹಿಡಿದು ಬಿಡ್ತೀನಿ."

ಅವರು ಕೋಲಿಗೆ ಗದ್ದ ಊರಿ ಯೋಚಿಸಿದರು. "ಹಿಡ್ದು ಬುಡಾದೇ ಆದ್ರೆ, ಹಿಡೀದೆ ಬುಟ್ಟಿದ್ರಾಯ್ತಿತ್ತಲ್ಲ?" ಎಂದು ಕುರಿಗಳ ಹಿಂದೆ ಹೊರಟುಹೋದರು.

ನಿಜವಾಗಿ ನೋಡಿದರೆ ಗಾಳ ಹಾಕುವುದಕ್ಕೆ ನಮ್ಮ ಸೀಮೆಯವರಷ್ಟು ಯೋಗ್ಯರು ಬೇರೆ ಇರಬಾರದು. ಕಾಯನ್ನು ಅಟ್ಟಕ್ಕೆ ಹಾಕಿ, ಅದು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲಿ ಎಂದು ಹತ್ತು ಹನ್ನೊಂದು ತಿಂಗಳು ಕೈಕಟ್ಟಿ ಕೂರುವ ಜನ ನಾವು. ಆದರೆ ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡಿನ ಮುಂದೆ ಹತ್ತು ನಿಮಿಷ ಕೂರಿಸಿ ನೋಡಿ, ಚಡಪಡಿಸುತ್ತಾರೆ. ಅಟ್ಟದ ಕಾಯನ್ನು ಯಾರೂ ನೋಡುತ್ತ ಕೂರುವುದಿಲ್ಲ. ಬೆಂಡನ್ನು ನೋಡುತ್ತಲೇ ಇರಬೇಕು. ನಿಘಂಟಿನಲ್ಲಿ ಅನಿಮಿಷ ಎಂಬ ಪದಕ್ಕೆ ದೇವತೆ ಎಂದೂ ಅರ್ಥವಿದೆ, ಮೀನು ಎಂದೂ ಅರ್ಥವಿದೆ. ಇಬ್ಬರೂ ಕಣ್ಣು ಮಿಟುಕಿಸುವುದಿಲ್ಲ. ನಡುವೆ ಸಿಕ್ಕಿಕೊಂಡ ಗಾಳದವನ ಕಣ್ಣು ಮಾತ್ರ ಉರಿಯುತ್ತದೆ.

ರುದ್ರಣ್ಣ ಈ ಪ್ರಬಂಧಕ್ಕೆ ಬರಬೇಕಾದದ್ದು ಇಲ್ಲಿ. ಬಿಳಿಗೆರೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ತೋಟದಿಂದ ತೋಟಕ್ಕೆ ಹೋಗಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆಯ ಸದ್ದು ಕೇಳಿ, ಅದರ ಜಾತಕ ಹೇಳುತ್ತಿದ್ದರು. ಮಾತೆಂದರೆ ಅವರದೇ ಮಾತು. ನನ್ನನ್ನು ಕಂಡರಂತೂ, ಪ್ರೀತಿಯಿಂದಲೇ, ಬೈಯದೆ ಮಾತು ಶುರುವೇ ಇಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಕಾಲು ಕೋಲಿನ ನೆರವಿಗೆ ಒಪ್ಪಿಕೊಂಡಿತು, ಬಲಗೈ ಅರ್ಧಕ್ಕರ್ಧ ಒಪ್ಪಿಕೊಂಡಿತು. ಮಾತು ಮರಳಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ; ಹೇಳಬೇಕಾದದ್ದು ತುಟಿಯವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ನೋಡಲು ಬಂದವರೆಲ್ಲ ಅವರ ವಾಕ್ಯಗಳನ್ನು ತಾವೇ ಮುಗಿಸಿಕೊಟ್ಟು ಹೋಗುತ್ತಿದ್ದರು. ಅವರ ಹೆಂಡತಿ ಗಿರಿಜಕ್ಕ ಆಸ್ಪತ್ರೆಯವರು ಕೊಟ್ಟ ಚಿತ್ರಗಳ ಕಾರ್ಡು ಹಿಡಿದು ದಿನಾ ಬೆಳಿಗ್ಗೆ ಎದುರು ಕೂರುತ್ತಿದ್ದರು: ಆನೆ, ಚಮಚ, ಬಾಳೆಹಣ್ಣು. ರುದ್ರಣ್ಣ ಮುಖ ತಿರುಗಿಸುತ್ತಿದ್ದರು. ಚಮಚ ಎನ್ನಲು ಕಲಿಯಬೇಕಾದ ಗತಿ ಬಂತಲ್ಲ ಎಂಬ ಅವಮಾನ ಅದು ಎಂದು ನಾನು ತಿಳಿದಿದ್ದೇನೆ. ತಪ್ಪಿರಬಹುದು.

ಎಂಟು ತಿಂಗಳಾದ ಮೇಲೆ ಗಿರಿಜಕ್ಕ ಅಂಗಡಿಗೆ ಬಂದರು. "ಮಂಜಣ್ಣ, ಮನೇಲಿ ಕೂತು ಕೂತು ಇವ್ರು ಗೋಡೆ ಆಗೋದ್ರು ಕಣಪ್ಪ. ಭಾನುವಾರ ನಿಮ್ ಕೆರೆ ಹತ್ರ ಕರ್ಕೊಂಡೋಗಿ. ಮೀನು ಗೀನು ಮಾತ್ರ ಮುಟ್ಟಿಸ್ಬೇಡಿ."

ಕರೆದುಕೊಂಡು ಹೋದೆ. ಯಾವ ಕೆರೆ ಎಂದು ಕೇಳಬೇಡಿ. ಗಾಳದವರು ಜಾಗ ಹೇಳುವುದಿಲ್ಲ. ಹೊಂಗೆ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರನ್ನು ಕೂರಿಸಿದೆ. ಕೆರೆಯ ದಂಡೆಯಲ್ಲಿ ಸುಮ್ಮನಿರುವವನನ್ನು ಯಾರೂ ರೋಗಿ ಅನ್ನುವುದಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಕೊರವ ಕಪ್ಪೆಗೆ ಎಗರಿತು. ನಾನು ರೀಲನ್ನು ಯಾವ ಕಡೆ ತಿರುಗಿಸಬೇಕೆಂಬುದೇ ಮರೆತು, ಬಿಗಿ ಮಾಡುವ ಬದಲು ಸಡಿಲ ಮಾಡಿದೆ. ಹಿಂದಿನಿಂದ ಒಂದು ಕೂಗು ಬಂತು.

"ಎಳ್ಯಲೇ ಮುಂಡೇದೇ!"

ಈ ಘಟನೆಯನ್ನು ಈವರೆಗೆ ನಾಲ್ಕೈದು ಮಂದಿಗೆ ಹೇಳಿದ್ದೇನೆ. ಪ್ರತಿ ಸಲವೂ ನನ್ನ ನೆನಪು ಅದಕ್ಕೊಂದು ಸಂಜೆಯನ್ನೋ ಹಾರುವ ಕೊಕ್ಕರೆಯನ್ನೋ ತಂದು ಅಂಟಿಸಲು ನೋಡುತ್ತದೆ. ಸಂಜೆಯಲ್ಲ, ನೆತ್ತಿ ಸುಡುವ ಬಿಸಿಲು. ಕೊಕ್ಕರೆಯಲ್ಲ, ಏರಿಯ ಆ ತುದಿಯಲ್ಲಿ ಮಣ್ಣು ಬಗೆಯುತ್ತಿದ್ದ ಜೇಸಿಬಿ. ಮೀನಿನ ಅಳತೆಯನ್ನಂತೂ ಕೇಳಲೇಬೇಡಿ. ತಪ್ಪಿಸಿಕೊಂಡ ಮೀನಿಗೆ ಇದ್ದ ಒಬ್ಬನೇ ಸಾಕ್ಷಿ ಮಾತು ಬಾರದ ರುದ್ರಣ್ಣ. ಗಾಳದವರಲ್ಲಿ ಇಂಥ ಅನುಕೂಲ ಬೇರೆ ಯಾರಿಗೆ ಸಿಕ್ಕೀತು? ಆದರೂ ಬೈಗುಳ ಮಾತ್ರ ಅಕ್ಷರಕ್ಷರ ನಿಜ. ಬೈದ ಮೇಲೆ ಅವರು ತಮ್ಮ ಬಾಯನ್ನು ತಾವೇ ಮುಟ್ಟಿ ನೋಡಿಕೊಂಡರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳನ್ನು ಕೇಳಿದೆ. ಹಾಗಾಗುವುದುಂಟು ಎಂದರು. ಬೈಗುಳ, ಎಣಿಕೆ, ದಿನಾ ಹೇಳುವ ಮಂತ್ರ, ಇವು ಯೋಚಿಸದೆ ಬರುವ ಮಾತುಗಳಂತೆ; ತಲೆಯಲ್ಲಿ ಇವುಗಳ ಅಟ್ಟವೇ ಬೇರೆ. ಕೆಳಮನೆ ಸುಟ್ಟರೂ ಆ ಅಟ್ಟ ಉಳಿದಿರಬಹುದು.

ಗಿರಿಜಕ್ಕನಿಗೆ ಖುಷಿಯಾದೀತೆಂದು ಓಡಿಹೋಗಿ ಹೇಳಿದೆ. ಅವರು ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಏನಂತ ಬೈದ್ರು?"

ಹೇಳಿದೆ.

"ಇನ್ನೊಂದ್ಸಲ ಹೇಳಿ."

ನನ್ನನ್ನು ನಾನೇ ಎರಡನೆಯ ಸಲ ಬೈದುಕೊಂಡೆ. ಅವರ ಮುಖದಲ್ಲಿ ಖುಷಿ ಬಂತು, ಬಂದಷ್ಟೇ ಬೇಗ ಬೇರೆ ಏನೋ ಆಯಿತು. "ನಂಗೆ ಎಂಟು ತಿಂಗ್ಳಿಂದ ಹೂಂ, ಉಹೂಂ. ನಿಮ್ಗೆ ಬೈಗ್ಳ," ಎಂದರು. "ಈ ಭಾನುವಾರ ನಾನೂ ಬತ್ತೀನಿ. ನಂಗೂ ಒಂದು ಕೋಲು ಕೊಡಿ. ನಾನೂ ಬೈಸ್ಕೋಬೇಕು."

ಬಂದರು. ಮೂಗಿಗೆ ಸೆರಗು, ಕೈಯಲ್ಲಿ ಚಾಪೆ, ಫ್ಲಾಸ್ಕಿನಲ್ಲಿ ಟೀ, ಡಬ್ಬಿಯಲ್ಲಿ ಅವಲಕ್ಕಿ. ಎರೆಹುಳು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ರಾಗಿ ಹಿಟ್ಟಿಗೆ ಕೊಬ್ಬರಿ ಹಿಂಡಿ ಬೆರೆಸಿ ಉಂಡೆ ಮಾಡಿಕೊಂಡಿದ್ದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಚುಕಿ, "ಇದೇನ್ರೀ ಹಿಟ್ಟು ಕಲ್ಸಿರೋದು? ಮೀನಿಗೂ ಮರ್ಯಾದಿ ಇರ್ತದೆ," ಎಂದು ಒಂದು ಬಾಳೆಹಣ್ಣು ಕಿವುಚಿ ಹಾಕಿ ಹೊಸದಾಗಿ ನಾದಿದರು. ಸಲಹೆ ಎಂದರೆ ಇದೊಂದನ್ನು ಬರೆದುಕೊಳ್ಳಿ: ಹಿಂಡಿ ಒಂದು ಪಾಲು, ರಾಗಿ ಹಿಟ್ಟು ಎರಡು ಪಾಲು, ಚೆನ್ನಾಗಿ ಕಳಿತ ಬಾಳೆಹಣ್ಣು, ನಾದುವವರಿಗೆ ಅಡುಗೆ ಬರಬೇಕು. ಜಿಲೇಬಿ ಮೀನುಗಳು ಮುತ್ತಿಕೊಂಡವು.

ಅವರಿಗೆ ಹಳೆಯ ಬಿದಿರು ಕೋಲು ಕೊಟ್ಟಿದ್ದೆ. ತುದಿಗೆ ದಾರ, ದಾರಕ್ಕೆ ನವಿಲುಗರಿ ದಂಟಿನ ಬೆಂಡು. "ಅದು ಮೊದ್ಲು ಮೂಸ್ತದೆ ಅಕ್ಕ, ಬೆಂಡು ಅಲ್ಲಾಡ್ತದೆ. ಆಗ ಸುಮ್ನಿರಿ. ಪೂರಾ ಮುಳುಗಿದ್ಮೇಲೆ ಎಳೀರಿ. ಏನೇ ಆದ್ರೂ ಕಣ್ಣು ಮಾತ್ರ ತೆಗೀಬೇಡಿ," ಎಂದೆ. ಬೆಂಡು ಅಲ್ಲಾಡಿದ ಕೂಡಲೇ ಅವರು ಬಾವಿಯಿಂದ ಕೊಡ ಸೇದುವ ಹಾಗೆ ಎಳೆದರು. ಗಾಳ ಹಾರಿಹೋಗಿ ಹೊಂಗೆ ಕೊಂಬೆಗೆ ಸಿಕ್ಕಿ, ದಾರದಿಂದ ಕಿತ್ತುಕೊಂಡಿತು. ಅವರು ಕೊಂಬೆಯ ಕಡೆ ನೋಡಲೇ ಇಲ್ಲ. ಆಸೆಯಿಂದ ಗಂಡನ ಕಡೆ ತಿರುಗಿದರು.

ರುದ್ರಣ್ಣ ಅರ್ಧ ಬಾಯಲ್ಲಿ ನಕ್ಕರು.

"ನಗೋದಲ್ಲ, ಬೈಯ್ರೀ. ಇಷ್ಟು ದೊಡ್ ತಪ್ಪು ಮಾಡಿದೀನಿ."

ಅವರು ತಲೆಯಾಡಿಸಿದರು. ನಾನು ಬೇರೆ ಗಾಳ ಕಟ್ಟಿಕೊಟ್ಟೆ. ಎರಡನೆಯ ಸಲ ಉಂಡೆ ನೀರಿಗೆ ಬೀಳುವ ಮೊದಲೇ ಉದುರಿತು. ಮೂರನೆಯ ಸಲ ದಾರ ಆಪಿಗೆ ಸುತ್ತಿಕೊಂಡಿತು. ಪ್ರತಿ ಸಲವೂ ಅವರು ತಿರುಗಿ ನೋಡುವುದು, ಇವರು ನಗುವುದು. ಕೊನೆಗೆ ಗಿರಿಜಕ್ಕ ಇನ್ನೊಂದು ಉಂಡೆ ಸಿಕ್ಕಿಸಿ ನೀರಿಗೆ ಬಿಟ್ಟು, ಕೋಲಿನ ಬುಡವನ್ನು ಎರಡು ಕಲ್ಲಿನ ನಡುವೆ ಸಿಕ್ಕಿಸಿ ಚಾಪೆಯ ಮೇಲೆ ಕೂತರು. ನನಗೆ ಮಾತ್ರ ಕೇಳುವಂತೆ ಹೇಳಿದರು: "ಅವ್ರು ನನ್ನ ಯಾವತ್ತೂ ಬೈದೋರಲ್ಲ ಮಂಜಣ್ಣ. ಅದೇ ಈಗ ಕಷ್ಟ ಆಗಿರೋದು."

ಬೈಯದ ಗಂಡನ ತಲೆಯ ಅಟ್ಟದಲ್ಲಿ ಹೆಂಡತಿಗೆಂದು ಏನಿರಲು ಸಾಧ್ಯ? ಗಿರಿಜಕ್ಕ ಕೆರೆಗೆ ಬೆನ್ನು ಹಾಕಿ ಲೋಟಗಳಿಗೆ ಟೀ ಬಗ್ಗಿಸತೊಡಗಿದರು. ನಾನು ಕೊಂಬೆಯ ಗಾಳ ಬಿಡಿಸುತ್ತಿದ್ದೆ. ನೀರಿನ ಕಡೆ ನೋಡುತ್ತಿದ್ದವರು ಕುರ್ಚಿಯಲ್ಲಿದ್ದವರೊಬ್ಬರೇ.

"ಇವ್ಳೇ!"

ನಮ್ಮ ಕಡೆ ಆ ವಯಸ್ಸಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಚೊಂಬು ಬೇಕಾದರೂ, ಬಾಗಿಲಿಗೆ ನೆಂಟರು ಬಂದರೂ, ಕನ್ನಡಕ ಕಾಣದಿದ್ದರೂ ಇದೊಂದೇ ಕೂಗು. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ವರ್ಷ ಕೂಗಿದ್ದು.

"ಆಂ, ಬಂದೆ ಇರಿ," ಎಂದರು ಗಿರಿಜಕ್ಕ, ತಿರುಗದೆ. ಮೂವತ್ತು ವರ್ಷ ಹಾಗೆಯೇ ಅಂದವರು. ಟೀ ಬಗ್ಗಿಸುತ್ತಲೇ ಇದ್ದರು. ಆಮೇಲೆ ಕೈ ನಿಂತಿತು. ಲೋಟ ತುಂಬಿ ಚಾಪೆಯ ಮೇಲೆ ಹರಿಯಿತು.

ರುದ್ರಣ್ಣನ ಎಡಗೈ ಕೆರೆಯ ಕಡೆ ಚಾಚಿತ್ತು. ಬೆಂಡು ಪೂರಾ ಮುಳುಗಿತ್ತು. ಆಗ ಏನು ಮಾಡಬೇಕೆಂದು ನಾನು ವಿವರವಾಗಿ ಹೇಳಿಕೊಟ್ಟಿದ್ದೆ. ಗಿರಿಜಕ್ಕ ಮೀನಿನ ಕಡೆಗಲ್ಲ, ಗಂಡನ ಕಡೆಗೆ ತಿರುಗಿದ್ದರು. ನಾನೂ ಎಳೆಯಲಿಲ್ಲ, ಮರೆತೆನೆಂದು ಹೇಳಿದರೆ ಚೆನ್ನಾಗಿರುತ್ತದೆ, ನಿಜವೆಂದರೆ ನನ್ನ ಅಂಗಿಯ ತೋಳು ಗಾಳಕ್ಕೆ ಸಿಕ್ಕಿಕೊಂಡಿತ್ತು. ಕೋಲು ಕಲ್ಲಿನ ಸಂದಿಯಿಂದ ಜಾರಿ ನೀರಿಗೆ ಬಿತ್ತು. ಒಳಗಿನ ಮೀನು ಎಳೆದತ್ತ, ನಿಂತು ನಿಂತು, ಕೆರೆಯ ನಡುವಿಗೆ ತೇಲುತ್ತ ಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಅಂದವಾಗಿರುತ್ತದೆ ಎಂದು ನನಗೂ ಗೊತ್ತು. ಆದರೆ ಆಮೇಲೂ ಆ ದಿನ ಇತ್ತು. "ಇನ್ನೊಂದ್ಸಲ ಅನ್ರೀ," ಎಂದು ಗಿರಿಜಕ್ಕ ಕೇಳಿದರು. ರುದ್ರಣ್ಣ ಪ್ರಯತ್ನಪಟ್ಟರು, ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು, ಏನೂ ಬರಲಿಲ್ಲ. ಸಿಟ್ಟಿನಿಂದ ಕುರ್ಚಿಯ ಕೈ ಗುದ್ದಿದರು. ಗಿರಿಜಕ್ಕ ಆ ಕೈ ಹಿಡಿದುಕೊಂಡು, "ಹೋಗ್ಲಿ ಬುಡಿ, ಟೀ ಕುಡೀರಿ," ಎಂದರು. ಕೇಳಿದರೆ ಬರುವುದಿಲ್ಲ, ತಾನಾಗಿ ಬಂದರೆ ಬರುತ್ತದೆ. ಇದನ್ನು ಅವರು ಆ ದಿನವೇ ತಿಳಿದುಕೊಂಡರು, ಮತ್ತೆಂದೂ ಕೇಳಲಿಲ್ಲ. ಮನೆಯಲ್ಲಿ ರುದ್ರಣ್ಣ ಈಗಲೂ ಬಹುಮಟ್ಟಿಗೆ ಮೌನಿ. ಚಿತ್ರದ ಕಾರ್ಡುಗಳು ಕಪಾಟು ಸೇರಿವೆ.

ಅಲ್ಲಿಂದೀಚೆಗೆ ಒಂದು ಭಾನುವಾರವೂ ತಪ್ಪಿಲ್ಲ. ಗಿರಿಜಕ್ಕ ತಾವೇ ಹಿಟ್ಟು ನಾದುತ್ತಾರೆ, ತಾವೇ ಗಾಳಕ್ಕೆ ಉಂಡೆ ಸಿಕ್ಕಿಸುತ್ತಾರೆ, ಈಗ ನನಗಿಂತ ದೂರ ಎಸೆಯುತ್ತಾರೆ. ಎಸೆದಾದ ಮೇಲೆ ಚಾಪೆಯ ಮೇಲೆ ಕೆರೆಗೆ ಬೆನ್ನು ಮಾಡಿ ಕೂತು ಅವರೆಕಾಯಿ ಬಿಡಿಸುತ್ತಾರೆ. ಬೆಂಡು ಮುಳುಗುತ್ತದೆ. ಕೆಲವು ಸಲ ಹಿಂದಿನಿಂದ ಆ ಕೂಗು ಬರುತ್ತದೆ, ಕೆಲವು ಸಲ ಬರುವುದಿಲ್ಲ. ಬಂದರೂ ಅವರು ಏಳುವ ಹೊತ್ತಿಗೆ ಮೀನು ಉಂಡೆ ತಿಂದು ಹೋಗಿರುತ್ತದೆ. ನಮ್ಮ ಕೆರೆಯ ಜಿಲೇಬಿಗಳು ಈ ವರ್ಷ ದುಂಡಗಾಗಿವೆ.

ಗಾಳದ ಗುರುವೆಂಬ ಹಮ್ಮಿನಿಂದ ಒಮ್ಮೆ ತಡೆಯಲಾರದೆ ಹೇಳಿಯೇಬಿಟ್ಟೆ: "ಅಕ್ಕ, ನೀರಿನ ಕಡೆ ಮುಖ ಮಾಡಿ ಕೂರ್ರೀ. ಹಿಂಗಾದ್ರೆ ಒಂದು ಮೀನೂ ಸಿಗಲ್ಲ."

ಅವರು ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಯಾಕೆ ಮಂಜಣ್ಣ? ನೋಡಕ್ಕೆ ಅವ್ರಿದಾರಲ್ಲ," ಎಂದರು.