ಸೋಲನ್ನೂ ಹೊತ್ತು ತಂದ ಕೈಗಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಕಾರಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕೈಗಾಡಿಯೊಂದು ಕಿರುಗುಟ್ಟುತ್ತಾ ಬರುತ್ತಿದೆ. ಆಲೂಗಡ್ಡೆ ಮೂಟೆಗಳ ಹಿಂದೆ ಬಗ್ಗಿದ ಬೆನ್ನೊಂದೇ ಕಾಣುತ್ತದೆ. ಇಳಿಜಾರು ಬಂದೊಡನೆ ಆ ಬೆನ್ನು ಗಾಡಿಯ ಮುಂದಕ್ಕೆ ಬಂದು, ಹಿಮ್ಮಡಿ ಊರಿ, ಭಾರವನ್ನೆಲ್ಲ ತಡೆದು ಮೆಲ್ಲಗೆ ಇಳಿಸುತ್ತದೆ. ಸೊಪ್ಪು ಮಾರುವವರಿಗೂ ಪೊಲೀಸರಿಗೂ ಇವರು ಗಾಡಿಯಣ್ಣ. ವಯಸ್ಸೆಷ್ಟು ಎಂದರೆ, "ಮೊಣಕಾಲನ್ನ ಕೇಳಿ ಹೇಳ್ತೀನಿ ಇರಿ" ಎಂದು ನಗುತ್ತಾರೆ.

ಮತದಾನದ ದಿನ ಮಾರುಕಟ್ಟೆಗೆ ರಜೆ, ಗಾಡಿಗೆ ಮಾತ್ರ ಇಲ್ಲ. ಅಂದು ಅದು ಮೈ ತೊಳೆದುಕೊಂಡು, ಮೇಲೆ ಗಾಡಿಯಣ್ಣನ ಹೆಂಡತಿ ಕೊಟ್ಟ ಹತ್ತಿಯ ಹಾಸಿಗೆ ಹಾಸಿಕೊಂಡು, ನಡೆಯಲಾಗದವರನ್ನು ಶಾಲೆಯ ಮತಗಟ್ಟೆಗೆ ಕರೆದೊಯ್ಯುತ್ತದೆ. ವರ್ಷಗಳ ಹಿಂದೆ ಮೊದಲು ಕೂತದ್ದು ಕಾಲು ಊದಿಕೊಂಡಿದ್ದ ಇವರ ಅಪ್ಪ. ದಾರಿಯಲ್ಲಿ ಜಗಲಿ ಮೇಲಿದ್ದ ಮುದುಕರೊಬ್ಬರು "ನನಗೂ ಜಾಗ ಇದ್ಯೇನಪ್ಪಾ?" ಎಂದರು. ಅಲ್ಲಿಗೆ ಅದೊಂದು ವಾಡಿಕೆಯೇ ಆಗಿಹೋಯಿತು.

ಸವಾರಿ ಪುಕ್ಕಟೆ, ಕರಾರು ಒಂದೇ. "ಮೊಣಕಾಲು ನೋವು, ಸೊಸೆ ಮೇಲಿನ ದೂರು, ಏನು ಬೇಕಾದ್ರೂ ಮಾತಾಡಿ. ಯಾರಿಗೆ ಹಾಕ್ತೀನಿ ಅನ್ನೋದೊಂದು ಬೇಡ."

ಈ ಕರಾರೇ ಕಳೆದ ಚುನಾವಣೆಯಲ್ಲಿ ಮನೆಗೆ ಬೆಂಕಿ ಹಚ್ಚಿತು. ವಾರ್ಡಿನ ದವಾಖಾನೆಗೆ ಬೀಗ ಬಿದ್ದಿತ್ತು. ಅಲ್ಲಿ ಕಾಂಪೌಂಡರ್ ಆಗಿದ್ದವರು ಗಾಡಿಯಣ್ಣನ ಬಾಮೈದ. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿ, ಕೊನೆಗೆ ಬೀಗ ತೆಗೆಸಿಯೇ ತೀರುತ್ತೇನೆಂದು ತಾವೇ ಚುನಾವಣೆಗೆ ನಿಂತರು. ಎದುರಾಳಿ ಮನೆಮನೆಗೆ ಹಣ ಹಂಚಿದ ಆಸಾಮಿ. ಬಾಮೈದ ಬೆರಳೆಣಿಕೆಯ ಮತಗಳಿಂದ ಸೋತರು.

ಫಲಿತಾಂಶ ಬಂದ ದಿನ ಮನೆಯ ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿಯಿಂದ ಟೈಲರಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಗಾಡಿಯಣ್ಣಾ, ನಾನು ಹಾಕಿದವನೇ ಗೆದ್ದ ಕಣಪ್ಪಾ!" ಮತದಾನದ ದಿನ ಅವರನ್ನು ಮೆಟ್ಟಿಲಿಳಿಸಿ, ಗಾಡಿಯಲ್ಲಿ ಕೂರಿಸಿ, ಮತ ಹಾಕಿಸಿ, ಮತ್ತೆ ಮೇಲೆ ಹತ್ತಿಸಿದ್ದರು ಗಾಡಿಯಣ್ಣ.

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಕೆಂಪಾಯಿತು. "ಅಲ್ಲರೀ, ನನ್ನ ತಮ್ಮನ ಸೋಲನ್ನ ನನ್ನ ಹಾಸಿಗೆ ಮೇಲೇ ಕೂರಿಸಿ ಮೆರವಣಿಗೆ ಮಾಡಿದ್ರಾ?" ಅಂದೇ ಹಾಸಿಗೆ ಅಟ್ಟ ಸೇರಿತು.

"ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಗಾಡಿಯಣ್ಣ, ಹಗ್ಗ ಬಿಚ್ಚುತ್ತಾ. "ನನಗೂ ಹೊಟ್ಟೆ ಉರೀತು. ಎಲ್ಲಾ ದಂಡ, ಇನ್ನು ಗಾಡಿ ಮುಟ್ಟಲ್ಲ ಅನ್ನಿಸ್ತು." ಹಾಗಿದ್ದರೆ ಯಾರಿಗೆ ಮತವೆಂದು ಮೊದಲೇ ಕೇಳಿ ಅಜ್ಜಿಯನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ ಎಂದರೆ, ಹಗ್ಗ ಸುತ್ತಿಡುತ್ತಾ ಹೇಳುತ್ತಾರೆ: "ನಮ್ಮವರನ್ನ ಮಾತ್ರ ಕೂರಿಸ್ಕೊಂಡ್ರೆ ಆ ಗೆದ್ದವನಿಗೂ ನನಗೂ ಏನು ವ್ಯತ್ಯಾಸ? ಅವನು ದುಡ್ಡು ಕೊಟ್ಟು ಓಟು ಕೊಂಡ, ನಾನು ಗಾಡಿ ಕೊಟ್ಟು ಕೊಂಡೆ ಅಂತಾಗುತ್ತೆ."

ಗೆದ್ದ ಮಹಾಶಯರು ಇನ್ನೂ ದೊಡ್ಡ ಕುರ್ಚಿ ಸಿಕ್ಕಿತೆಂದು ಈ ಕುರ್ಚಿ ಬಿಟ್ಟು ಹೋಗಿದ್ದಾರೆ. ದವಾಖಾನೆಯ ಬೀಗಕ್ಕೆ ಮಾತ್ರ ತುಕ್ಕು ಹಿಡಿದಿದೆ. ಕಳೆದ ತಿಂಗಳು ಟೈಲರಜ್ಜಿಗೆ ಉಸಿರು ಕಟ್ಟಿದಾಗ ದೂರದ ದೊಡ್ಡಾಸ್ಪತ್ರೆಗೆ ಹೊತ್ತದ್ದೂ ಇದೇ ಗಾಡಿ, ಬರೀ ಹಲಗೆಯ ಮೇಲೆ. ಗುಂಡಿ ಸಿಕ್ಕಿದಲ್ಲೆಲ್ಲ ಅಜ್ಜಿ ನರಳುತ್ತಿದ್ದರು. ಅವರ ಕೈ ಹಿಡಿದು ದಾರಿಯುದ್ದಕ್ಕೂ ನಡೆದವರು ಗಾಡಿಯಣ್ಣನ ಹೆಂಡತಿ.

ತೆರವಾದ ಸ್ಥಾನಕ್ಕೆ ನಾಳೆಯೇ ಉಪಚುನಾವಣೆ. ಬಾಮೈದ ಮತ್ತೆ ನಿಂತಿದ್ದಾರೆ. "ಈ ಸಲ ಆ ಮುದುಕಿ ಮೇಲೇ ಇರ್ಲಿ" ಎಂದು ವಾರದಿಂದ ಮನೆಯಲ್ಲಿ ಹೆಂಡತಿಯದು ಒಂದೇ ಸಮನೆ ಹಟ. ಆದರೂ ಮೂಟೆ ಇಳಿಸಿ ಮನೆಗೆ ಹೊರಟ ಗಾಡಿಯಣ್ಣ ಎದುರು ಕಟ್ಟಡದ ಮೂರು ಮಹಡಿ ಹತ್ತಿ ಕದ ತಟ್ಟುತ್ತಾರೆ.

"ನಾಳೆ ಬೆಳಿಗ್ಗೆ ಬರ್ತೀನಿ ಅಜ್ಜೀ, ರೆಡಿಯಾಗಿರಿ."

"ಈ ಸಲ ಯಾರಿಗೆ ಅಂದ್ರೆ..."

"ಬೇಡ ಅಜ್ಜೀ. ಅದೊಂದು ಬೇಡ."

ಆಸೆ ಏನು ಎಂದು ಕೇಳಿದರೆ, ಮೆಟ್ಟಿಲಿಳಿಯುತ್ತಾ ಹೇಳುತ್ತಾರೆ: "ದವಾಖಾನೆ ತೆರೀಲಿ. ಯಾರು ತೆರೆಸಿದ್ರೂ ಸರಿ. ತೆರೆಯೋವರೆಗೂ ಜನ ಓಟು ಹಾಕ್ತಾನೇ ಇರ್ಲಿ, ನನ್ನ ರಟ್ಟೆ ಗಟ್ಟಿ ಇದೆ."

ಮನೆ ಮುಂದೆ ಧಪಧಪ ಸದ್ದು. ಹೆಂಡತಿ ಅಟ್ಟದಿಂದ ಹಾಸಿಗೆ ಇಳಿಸಿ, ಜಗಲಿಗೆ ಒರಗಿಸಿ, ಕೋಲಿನಿಂದ ಬಡಿಯುತ್ತಿದ್ದಾರೆ. ಗಾಡಿಯಣ್ಣ ಗಾಡಿ ನಿಲ್ಲಿಸಿ ಕಣ್ಣರಳಿಸುತ್ತಾರೆ.

"ಹಾಗೇನು ನೋಡ್ತೀರಿ?" ಧೂಳಿನ ನಡುವಿನಿಂದ ಸಿಡುಕು ಬರುತ್ತದೆ. "ಬರೀ ಹಲಗೆ ಮೇಲೆ ಕೂತು ಅಜ್ಜಿ ಸೊಂಟ ಹಿಡ್ಕೊಂಡ್ರೆ, ತೋರ್ಸೋಕೆ ಇಲ್ಲಿ ದವಾಖಾನೆ ಇದ್ಯಾ?"