ಬೀಗ ಹಾಕಿದ ಹತ್ತೊಂಬತ್ತು ಮನೆಗಳು

ತುರ್ವಿಹಾಳದ ಹುಲಿಗೆಮ್ಮ ದುಡಿಯಲು ಹೋಗುವುದಿಲ್ಲ ಎಂದು ಬರೆದವಳು ನಾನು. ಆಕೆಯ ಮುಖ ನೋಡದೆ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಬರೆದೆ. ನಾಲ್ಕು ವರ್ಷದ ಮೇಲೆ ಆಕೆ ನನ್ನೆದುರಿಗೇ ನಿಂತು, ಇದನ್ನು ಬರೆದವರು ಯಾರು ಎಂದು ಕೇಳಿದಳು. ನಾನು — ಯಾರೋ ಸರ್ವೆಯವರು, ಎಂದೆ.

ವಿಷಯ ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ನನಗೆ ಒಟ್ಟು ಆರು ವರ್ಷ ಬೇಕಾಯಿತು. ಈಗಲೂ ಧೈರ್ಯ ಬಂದಿದೆ ಎಂದು ಹೇಳುತ್ತಿಲ್ಲ. ಮುಚ್ಚಿಟ್ಟುಕೊಂಡು ಓಡಾಡಿ ದಣಿದಿದ್ದೇನೆ, ಅಷ್ಟೆ.

ಸಿಂಧನೂರು, ಮಸ್ಕಿ, ಲಿಂಗಸೂಗೂರು — ಈ ಮೂರು ತಾಲ್ಲೂಕುಗಳಲ್ಲಿ ಯಾರು ದುಡಿಯುತ್ತಾರೆ, ಎಂಥ ದುಡಿಮೆ, ವರ್ಷದಲ್ಲಿ ಎಷ್ಟು ದಿನ ಕೂಲಿ ಸಿಗುತ್ತದೆ, ಸರ್ಕಾರದ ಯಾವ ಸೌಲಭ್ಯ ಅವರಿಗೆ ಮುಟ್ಟಿದೆ ಎಂದು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಅದು. ಯಾವ ಕಚೇರಿ ಮಾಡಿಸಿತು ಎಂದು ಹೇಳುವುದಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು. ನಾನು ಹೊರಗುತ್ತಿಗೆಯ ಮೇಲೆ ಸೇರಿದ್ದೆ. ಕೈಗೊಂದು ಟ್ಯಾಬ್ ಕೊಟ್ಟಿದ್ದರು, ಕೊರಳಿಗೆ ಒಂದು ಗುರುತಿನ ಚೀಟಿ. ಮನೆಯಲ್ಲಿ ನನ್ನ ತಮ್ಮ ಅದನ್ನು ನೋಡಿ, ‘ಅಕ್ಕ ಈಗ ಸಾಹೇಬ್ತಿ’ ಎಂದು ಛೇಡಿಸುತ್ತಿದ್ದ. ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು.

ತುರ್ವಿಹಾಳಕ್ಕೆ ಹೋದದ್ದು ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ. ಭತ್ತದ ನಾಟಿಯ ಹೊತ್ತು. ಆ ದಿನಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಹೊತ್ತು ಮೂಡುವ ಮೊದಲೇ ಬುತ್ತಿ ಕಟ್ಟಿಕೊಂಡು, ಟಂಟಂ ಆಟೋ ಹತ್ತಿ, ಕಾಲುವೆ ಗುಂಟ ವಲಸೆ ಬಂದ ರೈತರು ನೆಲೆಸಿರುವ ಕ್ಯಾಂಪುಗಳ ಗದ್ದೆಗೆ ಹೋಗುತ್ತಾರೆ. ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾವು ಸರ್ವೆಯವರೋ — ಬೆಳಿಗ್ಗೆ ಹತ್ತರ ಸುಮಾರಿಗೆ ಸಿಂಧನೂರಿನ ಬಸ್ಸಿಗೆ ಬಂದು, ನಾಲ್ಕರ ಬಸ್ಸಿಗೆ ವಾಪಸಾಗುವವರು. ದುಡಿಯುವವರನ್ನು ಎಣಿಸಲು ಹೋದ ನಮಗೆ ಹಗಲಿಡೀ ಸಿಗುತ್ತಿದ್ದದ್ದು ದುಡಿಯದವರೇ. ಮುದುಕರು, ಜ್ವರ ಬಂದವರು, ಕಟ್ಟೆಯ ಮೇಲೆ ಇಸ್ಪೀಟು ಆಡುವ ಗಂಡಸರು.

ಬೀಗ ಹಾಕಿದ ಮನೆಗೆ ಸಂಜೆ ಮತ್ತೊಮ್ಮೆ ಹೋಗಬೇಕು ಎಂಬ ನಿಯಮವಿತ್ತು. ತರಬೇತಿಯಲ್ಲಿ ಅದನ್ನು ಎರಡು ಸಲ ಹೇಳಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆಯನ್ನೂ ಎಳೆದಿದ್ದೆ.

ಹುಲಿಗೆಮ್ಮನ ಓಣಿಯಲ್ಲಿ ಅವತ್ತು ಹತ್ತೊಂಬತ್ತು ಮನೆಗೆ ಬೀಗ ಇತ್ತು. ಬಿಸಿಲಿಗೆ ತಲೆ ನೋಯುತ್ತಿತ್ತು. ಇವತ್ತು ಎಷ್ಟು ಮನೆ ಮುಗಿದವು ಎಂದು ಮೇಲ್ವಿಚಾರಕರ ಫೋನು ಆಗಲೇ ಎರಡು ಸಲ ಬಂದಿತ್ತು. ಓಣಿಯ ಮೂಲೆಯಲ್ಲಿ ಶರಣಪ್ಪ ಎಂಬವರ ಕಿರಾಣಿ ಅಂಗಡಿ. ಹಣೆ ತುಂಬ ವಿಭೂತಿ, ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ ಚಹಾ ತರಿಸಿದರು. ಓಣಿಯ ಎಲ್ಲರ ಹೆಸರು, ವಯಸ್ಸು, ಮಕ್ಕಳೆಷ್ಟು ಎನ್ನುವುದು ಅವರ ಬಾಯಲ್ಲೇ ಇತ್ತು. ಅವರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ.

“ಹೆಣ್ಮಕ್ಕಳು ಏನ್ ಮಾಡ್ತಾರ್ರಿ?” ಎಂದು ಕೇಳಿದೆ.

“ಹೆಣ್ಮಕ್ಕಳು ಏನ್ ಮಾಡ್ತಾರವ್ವ, ಮನ್ಯಾಗ ಇರ್ತಾರ,” ಎಂದರು ಅವರು.

ನಮ್ಮಿಬ್ಬರ ಕಣ್ಣೆದುರಿಗೇ ಹತ್ತೊಂಬತ್ತು ಬಾಗಿಲಿಗೆ ಬೀಗ ತೂಗುತ್ತಿತ್ತು. ಮನೆಯಲ್ಲಿ ಇರುವವರು ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೇಗೆ ಇರುತ್ತಾರೆ ಎಂದು ನಾನು ಕೇಳಲಿಲ್ಲ. ಶರಣಪ್ಪನವರ ಮೇಲೆ ಇದನ್ನು ಹೊರಿಸುವುದಿಲ್ಲ. ಅವರು ಊರಿನ ಮಂದಿ ಆಡುವ ಮಾತನ್ನೇ ಆಡಿದರು. ನನಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ‘ಮನೆಗೆಲಸ ಮಾತ್ರ’ ಎಂಬುದನ್ನೇ ಒತ್ತಿದೆ. ಯಾಕೆಂದರೆ — ಇದನ್ನು ಹೇಳಲು ಅತ್ಯಂತ ನಾಚಿಕೆಯಾಗುತ್ತದೆ — ‘ದುಡಿಯುತ್ತಾರೆ’ ಎಂದು ಒತ್ತಿದರೆ ಆ ಟ್ಯಾಬಿನಲ್ಲಿ ಇನ್ನೂ ಹದಿನಾಲ್ಕು ಪ್ರಶ್ನೆ ತೆರೆದುಕೊಳ್ಳುತ್ತಿದ್ದವು. ‘ಮನೆಗೆಲಸ ಮಾತ್ರ’ ಎಂದರೆ ಆ ಹೆಂಗಸಿನ ವಿಚಾರ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಮನೆಗೆ ಎರಡು ನಿಮಿಷವೂ ಹಿಡಿಯಲಿಲ್ಲ. ನಾಲ್ಕರ ಬಸ್ಸು ಆರಾಮಾಗಿ ಸಿಕ್ಕಿತು.

ನನ್ನವ್ವ ಮಸ್ಕಿ ಕಡೆಯ ಹಳ್ಳಿಯವಳು. ನನ್ನನ್ನು ಓದಿಸಿದ್ದೇ ನಾಟಿ ಹಚ್ಚಿ. ಕೆಸರು ನೀರಿನಲ್ಲಿ ನಿಂತು ಬಿರಿದ ಅವಳ ಹಿಮ್ಮಡಿಗೆ ಮೇಣ ಸವರುತ್ತ ನಾನು ಪಾಠ ಓದುತ್ತಿದ್ದೆ. ಟಂಟಂ ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ತಿರುಗಿ ಬಿಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವಳು — ಇರಲಿ. ಅವ್ವ ಈಗಿಲ್ಲ. ಇದ್ದಿದ್ದರೆ ಅವಳಿಗೂ ಹೇಳುತ್ತಿರಲಿಲ್ಲವೇನೋ.

ಸಮೀಕ್ಷೆ ಮುಗಿದ ಮೇಲೆ ನನ್ನ ಚುರುಕು ನೋಡಿ ಸಿಂಧನೂರಿನ ಕಚೇರಿಯಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿದರು. ಹೌದು, ಚುರುಕು. ವರದಿಯನ್ನು ಟೈಪು ಮಾಡಿದವಳೂ ನಾನೇ. ದುಡಿಯಲು ಹೋಗುವ ಹೆಂಗಸರು ಈ ಭಾಗದಲ್ಲಿ ಕಡಿಮೆಯಾಗಿದ್ದಾರೆ ಎಂದು ಒಂದು ಕೋಷ್ಟಕ ಹೇಳುತ್ತಿತ್ತು. ಸಭೆಯಲ್ಲಿ ಒಬ್ಬ ಸಾಹೇಬರು ಅದಕ್ಕೆ ಕಾರಣವನ್ನೂ ಹುಡುಕಿ ಕೊಟ್ಟರು. ನೀರಾವರಿ ಬಂದು ಮನೆಗಳು ಸುಧಾರಿಸಿವೆ, ಅದಕ್ಕೇ ಹೆಣ್ಣುಮಕ್ಕಳು ಮನೆಯಲ್ಲಿ ನೆಮ್ಮದಿಯಾಗಿದ್ದಾರೆ ಎಂದರು. ಎಲ್ಲರೂ ತಲೆದೂಗಿದರು. ಆ ಮಾತನ್ನು ವರದಿಗೆ ಸೇರಿಸಲು ನನಗೇ ಹೇಳಿದರು. ಸೇರಿಸಿದೆ. ಕಾಗುಣಿತ ಕೂಡ ತಿದ್ದಿದೆ. ನನ್ನ ಹಾಗೆ ಇನ್ನೆಷ್ಟು ಜನ ಯಾವ ಯಾವ ಕಟ್ಟೆಯ ಮೇಲೆ ಕೂತಿದ್ದರೋ — ಅದು ಬೇಡ. ಅದನ್ನು ಅವರೇ ಹೇಳಿಕೊಳ್ಳಬೇಕು.

ಎರಡು ವರ್ಷದ ಹಿಂದೆ, ದಢೇಸುಗೂರು ಕಡೆಗೆ ಹೊರಟಿದ್ದ ನಾಟಿಯ ಗುಂಪಿನ ಟಂಟಂ ಕಾಲುವೆಯ ತಿರುವಿನಲ್ಲಿ ಮಗುಚಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಹುಲಿಗೆಮ್ಮನ ಬಲಗೈ ಮಾತ್ರ ಗಾಡಿಯ ಕೆಳಗೆ ಸಿಕ್ಕಿತು. ಮುರಿದದ್ದು ಕೂಡಿಕೊಂಡಿತು, ಬೆರಳುಗಳು ಮಡಚಲು ಬಾರದಂತಾದವು. ಸಸಿ ಹಿಡಿಯುವ ಕೈ ಅದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಕೂಲಿಕಾರರಿಗೆ ಅಪಘಾತದ ಪರಿಹಾರ ಸಿಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅರ್ಜಿ ಬರೆಸಿಕೊಂಡು ನಮ್ಮ ಕಚೇರಿಗೆ ಬಂದಳು. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತಿದ್ದವಳು ನಾನು.

ಅರ್ಜಿದಾರರು ದುಡಿಯುವವರು ಹೌದೋ ಅಲ್ಲವೋ ಎಂದು ಸಮೀಕ್ಷೆಯ ಪಟ್ಟಿಯಲ್ಲಿ ನೋಡುವುದು ನಮ್ಮಲ್ಲಿ ರೂಢಿ. ಹೆಸರು ಹಾಕಿದೆ. ಓಣಿ ಬಂತು, ಮನೆಯ ಸಂಖ್ಯೆ ಬಂತು, ‘ಮನೆಗೆಲಸ ಮಾತ್ರ’ ಬಂತು. ಕೆಳಗೆ ಗಣತಿ ಮಾಡಿದವರ ಸಂಖ್ಯೆ — ನನ್ನದು.

“ಪಟ್ಟಿ ಒಳಗ ನೀವು ದುಡಿಯಾಕ ಹೋಗಂಗಿಲ್ಲ ಅಂತ ಐತ್ರಿ,” ಎಂದೆ.

ಆಕೆ ಕಿಟಕಿಯ ಸರಳಿಗೆ ಮುಖ ತಂದಳು. “ನಾ ಹದಿನಾಕ್ ವರ್ಸ ಆತ್ರಿ ನಾಟಿ ಹಚ್ಚಾಕ ಹೋಗಾಕತ್ತು. ಇದನ್ನ ಯಾರ್ ಬರದಾರ್ರಿ? ನನ್ನ ಯಾರೂ ಕೇಳಿಲ್ಲಲ್ರಿ ಮೇಡಂ?”

“ಯಾರೋ ಸರ್ವೆಯವರು,” ಎಂದೆ. ಮುಂದಿನವರನ್ನು ಕರೆದೆ.

ಅರ್ಜಿ ತಿರಸ್ಕಾರವಾಯಿತು. ಮೇಲ್ಮನವಿಗೆ ಕೊಟ್ಟ ದಿನಗಳೂ ಕಳೆದವು. ಆ ದಿನಗಳಲ್ಲಿ ನಾನು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ಕೆಲಸ ಹೋದೀತು ಎಂದು ಹೆದರಿದೆ. ಪ್ರತಿ ಭಾನುವಾರ ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಎಲ್ಲರ ಜೊತೆ ಪಂಚಶೀಲ ಹೇಳುತ್ತೇನೆ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯದು ಬಂದಾಗ ತುಟಿ ಮಾತ್ರ ಅಲುಗಿಸುತ್ತಿದ್ದೆ. ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಆಕೆಯ ಮಗಳು ರೇಣುಕಾ ಬಂದಳು, ಅವ್ವ ಕೊಟ್ಟಿದ್ದ ಕಾಗದಗಳನ್ನು ಹಿಂದಕ್ಕೆ ಪಡೆಯಲು. ಉಗುರಿನ ಸಂದಿಯಲ್ಲಿ ಕೆಸರು ಕಪ್ಪಾಗಿತ್ತು. ಕಾಲೇಜಿನಲ್ಲಿ ಓದುವ ಮಗಳಿದ್ದಾಳೆಂದು ಅರ್ಜಿಯಲ್ಲಿ ಓದಿದ್ದೆ. ಕೇಳಬಾರದಿತ್ತು, ಕೇಳಿದೆ.

“ಬಿಟ್ಟೀನ್ರಿ,” ಎಂದಳು. “ಅವ್ವನ ಬದ್ಲಿ ನಾ ಹೊಂಟೀನಿ.”

ನಾಟಿಯ ಗುಂಪಿನ ಪದ್ಧತಿ ತಿಳಿಯದವರಿಗೆ ಹೇಳಬೇಕು. ಇಷ್ಟು ಎಕರೆಗೆ ಇಷ್ಟು ಆಳು ಎಂದು ಗುಂಪು ಮೊದಲೇ ಮಾತು ಕೊಟ್ಟಿರುತ್ತದೆ. ಒಬ್ಬಳು ತಪ್ಪಿದರೆ ಅದೇ ಮನೆಯಿಂದ ಬದಲಿ ಆಳು ಬರಬೇಕು. ಬರದಿದ್ದರೆ ಆ ಜಾಗ ಬೇರೆ ಮನೆಗೆ ಹೋಗುತ್ತದೆ. ಹುಲಿಗೆಮ್ಮನ ಮನೆಯಲ್ಲಿ ಬದಲಿಗೆ ಇದ್ದವಳು ರೇಣುಕಾ ಒಬ್ಬಳೇ. ಪರಿಹಾರ ಸಿಕ್ಕಿದ್ದರೆ — ಆ ವರ್ಷವಾದರೂ ದಾಟುತ್ತಿತ್ತು. ನಾನು ಕಾಗದ ಕೊಟ್ಟೆ, ಪುಸ್ತಕದಲ್ಲಿ ಅವಳ ಸಹಿ ತೆಗೆದುಕೊಂಡೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು. ಅವತ್ತೂ ಬಾಯಿ ಬಿಡಲಿಲ್ಲ.

ಈ ವರ್ಷ ಮತ್ತೆ ಸಮೀಕ್ಷೆ ಬಂತು. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡಲು ನನ್ನನ್ನು ನಿಲ್ಲಿಸಿದರು, ಅನುಭವಸ್ಥಳಂತೆ. ಲಿಂಗಸೂಗೂರಿನ ಒಂದು ಹುಡುಗಿ ಎದ್ದು, “ಮನಿಗೆ ಬೀಗ ಇದ್ರ ಏನ್ ಮಾಡ್ಬೇಕ್ರಿ ಮೇಡಂ?” ಎಂದು ಕೇಳಿದಳು. ಉತ್ತರ ಬಾಯಿಪಾಠವಿತ್ತು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದವಳು ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದೆ. ಮರುದಿನ ಹೇಳಿಕೆ ಬರೆದು ಕೊಟ್ಟೆ. ಹುಲಿಗೆಮ್ಮನ ವಿವರವನ್ನು ಆಕೆಯನ್ನು ಕೇಳದೆ ತುಂಬಿದ್ದೇನೆ, ಅದು ಸುಳ್ಳು ಎಂದು. ಸಾಹೇಬರು ಓದಿ, ಕನ್ನಡಕ ತೆಗೆದು, “ನಿಮಗ ಇದೆಲ್ಲಾ ಯಾಕ್ ಬೇಕಿತ್ರೀ ಈಗ?” ಎಂದರು. ಫೈಲು ಮೇಲಕ್ಕೆ ಹೋಗಿದೆ. ನನ್ನದು ಏನಾಗುತ್ತದೋ ಗೊತ್ತಿಲ್ಲ. ಆಕೆಯ ಗಡುವು ಮುಗಿದುಹೋಗಿದೆ, ಅದು ಮಾತ್ರ ಗೊತ್ತು.

ಆಮೇಲೆ ಒಂದು ದಿನ ರಜೆ ಹಾಕಿ ತುರ್ವಿಹಾಳಕ್ಕೆ ಹೋದೆ. ಹುಲಿಗೆಮ್ಮ ಬಾಗಿಲಲ್ಲಿ ಕೂತು ಎಡಗೈಯಿಂದ ಅಕ್ಕಿ ಹಸನು ಮಾಡುತ್ತಿದ್ದಳು. ಗುರುತು ಹಿಡಿದು, “ಬರ್ರಿ ಮೇಡಂ, ಏನರ ಆತೇನ್ರಿ ನಮ್ಮ ಅರ್ಜಿದು?” ಎಂದಳು. ಆ ಆಸೆಯನ್ನು ಆಕೆಯ ಮುಖದಲ್ಲಿ ನೋಡಿದ ಮೇಲೆ ತಿರುಗಿ ಬಸ್ ನಿಲ್ದಾಣಕ್ಕೆ ಹೋಗಿಬಿಡಬೇಕು ಅನಿಸಿತು. ನಿಂತೇ ಹೇಳಿದೆ. ಅಂಗಡಿಯ ಕಟ್ಟೆ, ಚಹಾ, ಆ ಹದಿನಾಲ್ಕು ಪ್ರಶ್ನೆ, ಕಿಟಕಿಯಲ್ಲಿ ಆಡಿದ ಸುಳ್ಳು — ಎಲ್ಲ.

ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು.

“ನಂದೊಂದ ಬರದೀಯೋ, ಈ ಓಣ್ಯಾಗಿನ ಎಲ್ಲಾರ್ದೂ ಹಿಂಗ ಬರದೀಯೋ?” ‘ಮೇಡಂ’ ಹೋಗಿತ್ತು, ‘ರೀ’ ಹೋಗಿತ್ತು.

ನನ್ನ ಹೇಳಿಕೆಯಲ್ಲಿ ನಾನು ಆಕೆಯ ಹೆಸರೊಂದನ್ನೇ ಬರೆದಿದ್ದೆ. ತಪ್ಪೊಪ್ಪಿಕೊಳ್ಳುವಾಗಲೂ ನನಗೆ ಬಸ್ಸಿನ ಅವಸರವೇ.

“ಎಲ್ಲಾರ್ದೂ,” ಎಂದೆ.

“ಹಂಗಾರ ನನಗೊಬ್ಬಾಕಿಗಿ ಹೇಳಿ ಹೋಗಬ್ಯಾಡ. ಕುಂದ್ರು. ಅವರು ಬರ್ತಾರ.”

ಕೂತೆ. ನಾಲ್ಕರ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಆಕೆ ಮತ್ತೆ ಮೊರ ಹಿಡಿದಳು. ಹೊತ್ತು ಮುಳುಗುವಾಗ ಟಂಟಂ ಬಂತು. ಸೀರೆಯ ಅಂಚು ಇನ್ನೂ ಹಸಿ ಇದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಹುಲಿಗೆಮ್ಮ ಅವರನ್ನು ಕೂಗಿ ನಿಲ್ಲಿಸಿದಳು. ಎಲ್ಲರೆದುರು ಇನ್ನೊಮ್ಮೆ ಹೇಳಿದೆ. ಒಬ್ಬಳು ನಕ್ಕಳು. ಈರಮ್ಮ ಎಂಬಾಕೆ, “ನಿನ್ನ ಕೈ ಸೇದಿ ಹೋಗ್ಲಿ,” ಎಂದು ಶಪಿಸಿದಳು. ಅದು ನ್ಯಾಯವೇ. ಕೊನೆಗೆ ಈರಮ್ಮನೇ, “ಈಗರ ನೆಟ್ಟಗ ಬರಕೋ ನಡಿ,” ಎಂದಳು.

ಟ್ಯಾಬ್ ಇರಲಿಲ್ಲ. ಚೀಲದಲ್ಲಿದ್ದ ಬಿಳಿ ಹಾಳೆಯ ಮೇಲೆ ಬರೆದುಕೊಳ್ಳುತ್ತ ಹೋದೆ. ಹೆಸರು, ವಯಸ್ಸು, ಎಂಥ ದುಡಿಮೆ, ಎಷ್ಟು ವರ್ಷದಿಂದ. ಹದಿನಾಲ್ಕು ಪ್ರಶ್ನೆಗಳನ್ನೂ ಕೇಳಿದೆ. ಕಾಲು ನೋಯುತ್ತಿದ್ದರೂ ನಿಂತೇ ಹೇಳಿದರು. ಈ ಹಾಳೆಗಳನ್ನು ನನ್ನ ಎರಡನೆಯ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ಯಾರಾದರೂ ಓದುತ್ತಾರೋ ಇಲ್ಲವೋ. ಓದುವವರೆಗೆ ಕೇಳುತ್ತಿರುತ್ತೇನೆ, ಕೆಲಸ ಇದ್ದರೂ, ಹೋದರೂ.

ಸಾಲಿನ ಕೊನೆಯಲ್ಲಿ ರೇಣುಕಾ ಇದ್ದಳು. ಹೆಸರು ಕೇಳಬೇಕಾಗಿರಲಿಲ್ಲ. ವಯಸ್ಸು ಹತ್ತೊಂಬತ್ತು ಎಂದಳು.

“ಎಂಥಾ ದುಡಿಮಿ?”

“ನಾಟಿ ಹಚ್ಚಾಕ ಹೋಗ್ತೀನಿ.”

ಬರೆದೆ. ಒಂದಕ್ಷರವೂ ಸುಳ್ಳಿಲ್ಲ. ಆ ಸಾಲನ್ನು ನಿಜ ಮಾಡಿದವಳು ನಾನು.