ಹಾಸು ಬೀಳುವತನಕ

ಇಚಲಕರಂಜಿಯಿಂದ ಯಡ್ರಾವದ ಕಡೆ ಹೊರಟರೆ, ಊರು ಮುಗಿಯುವಲ್ಲಿ ಒಂದು ಆಟದ ಬಯಲು ಸಿಗುತ್ತದೆ. ಅದರ ಎರಡು ತುದಿಗೆ ಎರಡು ಬೇವಿನ ಗೂಟ. ಆಟಕ್ಕೆಂದು ಹೂತವು ಅಂದುಕೊಂಡೀರಿ! ಅವನ್ನು ಹೂತವನು ಬಾಳವ್ವನ ಮಾವ, ಹಾಸು ಕಟ್ಟಲಿಕ್ಕೆ.

ಕೈಮಗ್ಗದ ಕಾಲವದು. ಸೀರೆಯ ಉದ್ದನೂಲಿಗೆ ಹಾಸು ಅನ್ನುತ್ತಾರೆ. ಮಗ್ಗಕ್ಕೇರಿಸುವ ಮೊದಲು ಅದನ್ನು ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಕುಂಚದಿಂದ ಗಂಜಿ ತೀಡಿ ಒಣಗಿಸಬೇಕು. ಹಾಗೆ ಕಟ್ಟಿದರೆ ಹಾಸು ಬಿತ್ತು ಅನ್ನುವರು. ಮದುವೆಯಾಗಿ ಬಂದ ವರ್ಷದಿಂದ ಬಾಳವ್ವನ ಕೈಗೆ ಅದೇ ಕೆಲಸ. ಗಂಡ ತೀರಿಕೊಂಡ ಮೇಲೂ ಅದೇ. ಜಾಗ ನೂಲಿನ ವ್ಯಾಪಾರಿ ಅಣ್ಣಾಸಾಹೇಬರದು. ಅವರ ತಂದೆ ಎದೆಯ ಮೇಲಿನ ಲಿಂಗ ಮುಟ್ಟಿ ಬಾಳವ್ವನ ಮಾವನಿಗೆ ಮಾತು ಕೊಟ್ಟಿದ್ದರು: "ಇಲ್ಲಿ ಹಾಸು ಬೀಳೂತನಕ ಈ ಮಣ್ಣಿಗೆ ನಮ್ಮ ಮನಿ ಗುದ್ದಲಿ ತಾಗಾಂಗಿಲ್ಲ."

ಐವತ್ತೊಂಬತ್ತರ ಸುಮಾರಿಗೆ ಗಡಹಿಂಗ್ಲಜ ಕಡೆಯ ಹುಡುಗರು ಪವರಲೂಮಿನ ಕೆಲಸಕ್ಕೆ ಬಂದು ಸುತ್ತಲಿನ ಖೋಲಿಗಳಲ್ಲಿ ತುಂಬಿಕೊಂಡರು. ಪಾಳಿ ಮುಗಿದ ಕೂಡಲೇ ಬಯಲಿಗೆ ಓಡಿ ಹುತುತು, ಅಂದರೆ ಕಬಡ್ಡಿ, ಶುರು. ಹಸಿ ಹಾಸಿನ ಮೇಲೆ ಧೂಳು ಹಾರಿತೆಂದರೆ ಮುಗಿಯಿತು, ಬಾಳವ್ವ ಗಂಜಿಯ ಕುಂಚ ಹಿಡಿದು ಅಟ್ಟಿಸಿಕೊಂಡು ಹೋಗುವಳು. "ನಿಮ್ಮ ಹುತುತು ಮಣ್ಣಾಗ ಹೋಗಲಿ! ಹಾಸು ಸುತ್ತಿ ಇಡೂತನಕ ದಮ್ಮ ಹಿಡೀರಿ, ಮೂಳಗೋಳ್ರಾ!" ಅವಳ ಬೈಗುಳ ಕೇಳದೆ ಆ ಹುಡುಗರಿಗೆ ಆಟವೇ ಏರುತ್ತಿರಲಿಲ್ಲ ಅನ್ನಿ. ಮಧ್ಯಾಹ್ನ ಅವಳು ಹಾಸು ಸುತ್ತಿ ತಲೆಯ ಮೇಲೆ ಹೊತ್ತರೆ ಸಾಕು, ಬಯಲು ಅವರದು.

ಅರವತ್ತನಾಲ್ಕರಲ್ಲಿ ಗಂಜಿ ಹಚ್ಚುವ ಯಂತ್ರ ಬಂತು. ಒಂದೊಂದಾಗಿ ಮನೆಗಳು ಹಾಸು ಕಳಿಸುವುದನ್ನು ಬಿಟ್ಟವು. ಒಂದು ಮುಂಜಾನೆ ಗೂಟಗಳು ಬರಿದಾಗಿದ್ದವು. ಹುಡುಗರು ಬಯಲಿನ ಅಂಚಿಗೆ ನಿಂತು ಬೈಗುಳ ಕಾದರು, ಬರಲಿಲ್ಲ. ಕೊನೆಗೆ ಅವರ ಪೈಕಿ ಮುಂದಾಳು ಗುರುಸಿದ್ದ ಅವಳ ಬಾಗಿಲಿಗೇ ಹೋದ.

"ಆಯೀ, ಇವತ್ತ ಬೈಯಾಕ ಯಾಕ ಬರಲಿಲ್ಲ?"

"ನಿಮ್ಮ ಯಂತ್ರಕ್ಕ ಹೋಗಿ ಕೇಳೋ! ಅದ ಬೈತದ ಈಗ," ಎಂದು ಬಾಳವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗುರುಸಿದ್ದ ಮೆಲ್ಲಗೆ ಇನ್ನೊಂದು ಸುದ್ದಿ ಹೇಳಿದ. ಹಾಸು ನಿಂತಿತಲ್ಲ, ಅಣ್ಣಾಸಾಹೇಬರು ಆ ಜಾಗದಲ್ಲಿ ಮಗ್ಗದ ಶೆಡ್ ಹಾಕುತ್ತಾರಂತೆ. "ಒಂದ ಖೋಲ್ಯಾಗ ಹನ್ನೊಂದ ಮಂದಿ ಅದೇವಿ, ಆಯೀ. ಪಾಳಿ ಹಚ್ಚಿ ಮಲಗತೇವಿ. ಕೈಕಾಲ ಚಾಚಾಕ ಅದೊಂದ ಜಾಗಾ ಇತ್ತ ನಮಗ."

ಅನ್ನ ಕಿತ್ತುಕೊಂಡ ಯಂತ್ರ ನಡೆಸುವವರೇ ಇವರು. ಸಿಟ್ಟು ಬರಬೇಕಿತ್ತು. ಬರಲಿಲ್ಲ ನೋಡಿ ಆ ಹೆಂಗಸಿಗೆ. ಅವನು ಹೋದ ಮೇಲೆ ಅಟ್ಟ ಹತ್ತಿ, ಗಂಡ ನೇಯದೆ ಬಿಟ್ಟುಹೋಗಿದ್ದ ಹಾಸು ಇಳಿಸಿದಳು. ಮರುದಿನ ಬೆಳಿಗ್ಗೆ ಗೂಟದಿಂದ ಗೂಟಕ್ಕೆ ಹಾಸು ಬಿದ್ದಿತ್ತು. ಅಣ್ಣಾಸಾಹೇಬರ ಗುಮಾಸ್ತ ದಾದಾಸಾಹೇಬ ಸೈಕಲ್ ಮೇಲಿಂದಲೇ ನೋಡಿ ಹೋಗಿ ವರದಿ ಒಪ್ಪಿಸಿದ: "ಹಾಸು ಬಿದ್ದೈತ್ರಿ." ಶೆಡ್ಡಿನ ಮಾತು ಅಲ್ಲಿಗೇ ನಿಂತಿತು.

ಎರಡು ವರ್ಷ, ದಿನಾಲೂ ಅದೇ ಹಾಸು. ಹಾಸಿನ ನೂಲಿಗೆ ಗಂಜಿ ಹಚ್ಚುವುದು ಒಂದೇ ಸಲ. ಅದು ಅವಳಿಗೆ ಗೊತ್ತಿಲ್ಲದ್ದೇ? ಆದರೆ ಬರಿದೇ ಕಟ್ಟಿ ಕೂತರೆ ಸುಳ್ಳು ಹೇಳಿದ ಹಾಗೆ ಅನಿಸುತ್ತಿತ್ತು. ಹಾಗಾಗಿ ಹಿಟ್ಟು ಕಲಸಿ, ಗಂಜಿ ಕಾಯಿಸಿ, ದಿನಾ ತೀಡಿದಳು. ನೂಲು ದಪ್ಪಗಾಗಿ ಸೆಟೆದುಕೊಂಡಿತು. ಹುಡುಗರು ಮಾತ್ರ ಮಧ್ಯಾಹ್ನದವರೆಗೆ ಕಾದು, ಬೈಸಿಕೊಂಡು, ಆಡಿದರು.

ಅರವತ್ತಾರರ ಒಂದು ಬೆಳಿಗ್ಗೆ ಅಣ್ಣಾಸಾಹೇಬರೇ ಬಂದರು. ಹತ್ತನೇ ವಯಸ್ಸಿನಿಂದ ನೂಲು ಮುಟ್ಟಿದ ಬೆರಳು ಅವರದು. ಒಂದು ಎಳೆ ಹಿಡಿದು ತಿಕ್ಕಿದರು.

"ಕಾಯ್ ಹೇ, ಏನಿದು, ಬಾಳಕ್ಕಾ? ಇದು ನೂಲಲ್ಲ, ಬೇಲಿ ತಂತಿ. ಯಾವ ಮಗ್ಗಾ ತಿಂತದ ಇದನ್ನ?"

ಬಾಳವ್ವ ಕುಂಚ ಕೆಳಗಿಟ್ಟಳು.

"ಯಾವ ಮಗ್ಗಾನೂ ಇಲ್ರಿ, ಸಾವಕಾರ್ರ. ನಮ್ಮ ಮನಿಯವರು ಬಿಟ್ಟ ಹೋದದ್ದ. ಹಾಸು ಬೀಳೂತನಕ ಅಂತ ನಿಮ್ಮ ಅಪ್ಪಾರು ಅಂದಿದ್ರು. ಯಾರಿಗೆ ನೇಯಾಕ ಅಂತ ಕೇಳಿದ್ದಿಲ್ಲ."

ಅಣ್ಣಾಸಾಹೇಬರ ಬೆರಳಲ್ಲಿ ಎಳೆ ಪಟ್ಟನೆ ಹರಿಯಿತು. ಪಕ್ಕದ್ದೂ ಹರಿಯಿತು. ನೋಡನೋಡುತ್ತ ಇಡೀ ಹಾಸು ನಡುವೆ ಬಿಚ್ಚಿಕೊಂಡು ಧೂಳಿಗೆ ಬಿತ್ತು. ಅವರು ಬಂದ ದಾರಿಯಲ್ಲೇ ನಡೆದುಬಿಟ್ಟರು.

ಆ ದಿನ ಯಾರೂ ಆಡಲಿಲ್ಲ. ಬಾಳವ್ವ ಒಲೆ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಗಂಡನ ಹಾಸಿನ ತುಂಡುಗಳನ್ನಾದರೂ ಆಯ್ದುಕೊಳ್ಳೋಣವೆಂದು ಅವಳು ಹೋದಾಗ ಗೂಟದ ಬುಡಕ್ಕೆ ದಾದಾಸಾಹೇಬ ಸೈಕಲ್ ಹಿಡಿದು ನಿಂತಿದ್ದ. ಮುಂದೆ ಒಂದು ಹೊಸ ಹಾಸಿನ ಸುರುಳಿ.

"ಸಾವಕಾರ್ರು ಕಳಿಸ್ಯಾರ. ಹಳೇದು ಹರದೈತಿ, ಇದನ್ನ ಹಾಸು ಅಂದ್ರು. ಇದು ಮುಗದ್ರ ಇನ್ನೊಂದು ಕಳಸ್ತಾರಂತ. ಗಂಜಿ ಮಾತ್ರ ಒಮ್ಮೆ ಹಚ್ಚಬೇಕಂತ."

ಬಾಳವ್ವ ಸುರುಳಿ ಎತ್ತಿ ಒಂದು ಎಳೆ ಬೆರಳಲ್ಲಿ ತಿಕ್ಕಿದಳು. "ಅಷ್ಟ ದೊಡ್ಡ ಮನಿಯಿಂದ ಇಂಥಾ ಸುಮಾರ ನೂಲ?" ಅಂದವಳೇ ಸುರುಳಿಯನ್ನು ಎದೆಗೊತ್ತಿಕೊಂಡು, ಬಯಲಿನ ನಡುವೆ ಕೂತು, ಗಟ್ಟಿಯಾಗಿ ಅತ್ತಳು.

ಗುರುಸಿದ್ದ ಓಡಿ ಬಂದ. ಅವನ ಹಿಂದೆ ಉಳಿದ ಹತ್ತೂ ಜನ. ಹಾಸಿನ ಒಂದು ತುದಿಗೆ ಐವರು, ಇನ್ನೊಂದಕ್ಕೆ ಆರು ಮಂದಿ ನಿಂತು ಎಳೆದರು. ಯಾರಿಗೂ ಹಾಸು ಎಳೆಯುವ ಹದ ಗೊತ್ತಿರಲಿಲ್ಲ. ಬಾಳವ್ವ ಕಣ್ಣೊರೆಸಿಕೊಂಡು ಎದ್ದು ನಿಂತು, ಒಬ್ಬೊಬ್ಬನನ್ನೂ ಹೆಸರು ಹಿಡಿದು ಬೈದಳು.